ಶ್ವಾಸಕ್ಕೆ ಮದ್ದು, ಮಿದುಳಿನ ಚಿಂತೆ

ಜೂನ್ 9, ಸೋಮವಾರ

26 ವಾರಕ್ಕೇ ಹುಟ್ಟಿದ ಕೂಸು ಮೂರು ವಾರ ಕಳೆದರೂ ವೆಂಟಿಲೇಟರ್ ಬಿಡುತ್ತಿಲ್ಲ. ತೂಕ 840 ಗ್ರಾಂ. ಆಕ್ಸಿಜನ್ ಸ್ವಲ್ಪ ಇಳಿಸಿದರೆ ಸಾಕು, ಸ್ಯಾಚುರೇಷನ್ ಬೀಳುತ್ತದೆ. ರೌಂಡ್ಸ್‌ನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡಿನ ಮಾತು ಬಂತು. ಹೊರಗೆ ಬಂದಾಗ ಅಜ್ಜಿ ಕೇಳಿದರು: “ಡಾಕ್ಟ್ರೇ, ಕೂಸಿಗೆ ಸ್ಟೀರಾಯ್ಡ್ ಕೊಡ್ತೀರಂತ. ತಲೀಗೇನರ ಆಗ್ತದೇನ್ರಿ?” ಕೇಳಲೇಬೇಕಾದ ಪ್ರಶ್ನೆ. ನಿಂತ ನಿಲುವಿನಲ್ಲಿ ಉತ್ತರಿಸುವಂಥದ್ದಲ್ಲ. “ನಾಡಿದ್ದು ಕೂತು ಮಾತಾಡೋಣ್ರಿ, ಅಮ್ಮಾ” ಎಂದೆ.

ಜೂನ್ 10, ಮಂಗಳವಾರ, ರಾತ್ರಿ

ಹೆರಿಗೆಗೆ ಮುಂಚೆ ತಾಯಿಗೆ ಕೊಡುವ ಸ್ಟೀರಾಯ್ಡ್ ಬಗ್ಗೆ ನನಗೆ ಅನುಮಾನವಿಲ್ಲ. ಅದರಿಂದ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದರು. ಬೆಳಗಾವಿಯ ವೈದ್ಯರೂ ಪಾಲ್ಗೊಂಡಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮದ್ದು ಪಡೆಯದ ಗುಂಪಿನಲ್ಲಿ ಶೇ. 23.5 ಶಿಶುಗಳು 28 ದಿನದೊಳಗೆ ತೀರಿಕೊಂಡವು. ಪಡೆದ ಗುಂಪಿನಲ್ಲಿ ಶೇ. 19.6.

ಹುಟ್ಟಿದ ಮೇಲೆ ಕೂಸಿಗೇ ದಿನಗಟ್ಟಲೆ ಕೊಡುವ ಲೆಕ್ಕ ಬೇರೆ. ಆಗ ಕಿರುಮಿದುಳಿನ ಹೊರಪದರದಲ್ಲಿ, ಮುಂದೆ ನರಕೋಶಗಳಾಗಬೇಕಾದ ಪೂರ್ವಕೋಶಗಳು ಎಡೆಬಿಡದೆ ಒಡೆದು ಹೆಚ್ಚುತ್ತಿರುತ್ತವೆ. ಸ್ಟೀರಾಯ್ಡ್ ಜೀವಕೋಶದ ಗ್ರಾಹಕಕ್ಕೆ ಅಂಟಿ, ಕೋಶಕೇಂದ್ರ ಹೊಕ್ಕು, ಜೀನ್‌ಗಳ ಕೆಲಸ ಬದಲಿಸುತ್ತದೆ. ಶ್ವಾಸಕೋಶದ ಉರಿಯೂತ ತಗ್ಗುವುದು ಹೀಗೆ, ಈ ಪೂರ್ವಕೋಶಗಳಿಗೆ ಪೆಟ್ಟು ಬೀಳುವುದೂ ಹೀಗೆಯೇ. ಇಲಿಮರಿಗಳಲ್ಲಿ ಅವು ಸಾಯುವುದನ್ನು 2008ರಲ್ಲಿ ವಿಜ್ಞಾನಿಗಳು ಕಂಡರು. ದೇಹದ್ದೇ ಕಾರ್ಟಿಸಾಲ್ ಹೆಚ್ಚಾದರೆ ಅದನ್ನು ನಿಷ್ಕ್ರಿಯಗೊಳಿಸಲು ಅಲ್ಲೊಂದು ಕಿಣ್ವವಿದೆ. ಫ್ಲೋರಿನ್ ಸೇರಿಸಿ ತಯಾರಿಸಿದ ಡೆಕ್ಸಾಮೆಥಾಸೋನ್ ಮಾತ್ರ ಆ ಕಿಣ್ವಕ್ಕೆ ಬಗ್ಗುವುದಿಲ್ಲ. ಕಾವಲಿದ್ದೂ ಕಳ್ಳ ಒಳಬಂದಂತೆ.

ಜೂನ್ 11, ಬುಧವಾರ

ಅಜ್ಜಿ, ತಾಯಿ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಹಿಂದೆ ಕಿಲೋಗೆ ದಿನಕ್ಕೆ 0.5 ಮಿ.ಗ್ರಾಂನಿಂದ ಶುರುಮಾಡಿ ವಾರಗಟ್ಟಲೆ ಕೊಡುತ್ತಿದ್ದರು. ಅಂಥ ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ ಹೆಚ್ಚು ಕಂಡುಬಂದು, ರೂಢಿಯಂತೆ ಕೊಡುವುದು ಬೇಡವೆಂದು 2002ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿತು. ಹಾಗೆಂದು ಹೆದರಿ ಕೈಕಟ್ಟಿ ಕೂರುವುದೂ ತಪ್ಪು. ಶ್ವಾಸಕೋಶ ತೀರಾ ಕೆಟ್ಟ ಕೂಸಿಗೆ ಮದ್ದು ಕೊಡದಿದ್ದರೆ ಜೀವಕ್ಕೂ ಮಿದುಳಿಗೂ ಅಪಾಯ. ನಮ್ಮ ಕೂಸು ಆ ಸ್ಥಿತಿಯಲ್ಲಿದೆ. ತಾಯಿ ಸಹಿ ಹಾಕಿದರು.

10 ದಿನದ ಕೋರ್ಸ್, ಒಟ್ಟು ಕಿಲೋಗೆ 0.89 ಮಿ.ಗ್ರಾಂ ಮಾತ್ರ. ವಯಲ್‌ನಲ್ಲಿರುವುದು ಒಂದು ಎಂ.ಎಲ್.ಗೆ 4 ಮಿ.ಗ್ರಾಂ. ಸಿಸ್ಟರ್ ಸಲೈನ್ ಬೆರೆಸಿ ಹತ್ತು ಪಟ್ಟು ತೆಳುವಾಗಿಸಿ, ಸಣ್ಣ ಸಿರಿಂಜಿನಲ್ಲಿ 0.16 ಎಂ.ಎಲ್. ಎಳೆದರು. ಲೆಕ್ಕವನ್ನು ಇನ್ನೊಬ್ಬ ಸಿಸ್ಟರ್ ಮತ್ತೆ ಮಾಡಿ ನೋಡಿದ ಮೇಲೆಯೇ ಕೊಟ್ಟದ್ದು.

ಜೂನ್ 21, ಶನಿವಾರ

ಕೋರ್ಸ್ ಮುಗಿಯಿತು. ಕೂಸು ಈಗ ವೆಂಟಿಲೇಟರ್ ಬಿಟ್ಟು ಸಿಪ್ಯಾಪ್ ಮೇಲಿದೆ. ಸಂತೋಷವೇ, ಆದರೆ ನಮ್ಮ ಕೆಲಸ ಮುಗಿದಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ತೂಕದ ಪಕ್ಕದಲ್ಲೇ ಯಾವ ಸ್ಟೀರಾಯ್ಡ್, ಎಷ್ಟು ದಿನ, ಒಟ್ಟು ಎಷ್ಟು ಎಂದು ಬರೆಯಲೇಬೇಕು. ಕೂತಿತೇ, ನಡೆಯಿತೇ, ಮಾತಾಡಿತೇ ಎಂದು ಕನಿಷ್ಠ ಎರಡು ವರ್ಷ ನೋಡಬೇಕು. ಮದ್ದು ಕೊಟ್ಟ ವಾರ್ಡೇ ಆ ಹೊಣೆಯನ್ನೂ ಹೊರಬೇಕು.