ಕರೆಂಟ್ ಬಂತು, ಡಬ್ಬಿ ಮಾಯ

ಹುಣಸಗಿ, ಏಪ್ರಿಲ್ ಮಧ್ಯಾಹ್ನ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ಮನೆಯ ಮುಂದಿನ ಕೋಣೆಯೇ ಇಲ್ಲಿ ಫೋಟೊ ಸ್ಟುಡಿಯೊ. ಹೋಗಿದ್ದ ಕರೆಂಟ್ ಈಗಷ್ಟೇ ಬಂದು ಫ್ಯಾನ್ ಕಿರುಗುಟ್ಟುತ್ತಿದೆ. ಟಿವಿಯ ಕೆಳಗೆ ರೌಟರ್, ಪಕ್ಕದಲ್ಲಿ ಎರಡು ಹಾರ್ಡ್ ಡಿಸ್ಕ್ ತುಂಬಿದ ಕಪ್ಪು ಯಂತ್ರ. ಅಂಗಡಿಯವರು ಅದಕ್ಕೆ ನಾಸ್ ಅನ್ನುತ್ತಾರೆ, ಮನೆಯವರಿಗೆ ಅದು ‘ಡಬ್ಬಿ’. ನಾರಾಯಣಪುರ ಎಡದಂಡೆ ಕಾಲುವೆಯ ಆಸುಪಾಸಿನ ಊರುಗಳ ಮದುವೆ, ಜಾತ್ರೆ, ತೊಟ್ಟಿಲ ಕಾರ್ಯ ಎಲ್ಲ ಅದರೊಳಗಿವೆ.

‘ಏ ತಮ್ಮಾ, ಝಡ್ ಡ್ರೈವ್ ಮ್ಯಾಲ ಕೆಂಪು ಗುರ್ತು ಬಿದ್ದದಲ್ಲೋ. ಎಲ್ಲಾ ಹೋತೇನು?’ ಸ್ಟುಡಿಯೊ ನಡೆಸುವ ಕಾಕಾ ಕುರ್ಚಿಯಿಂದ ಎದ್ದೇಬಿಟ್ಟಿದ್ದಾರೆ. ಕಂಪ್ಯೂಟರಿನಲ್ಲಿ ಡಬ್ಬಿ ಕಾಣಿಸುವುದು ಝಡ್ ಡ್ರೈವ್ ಎಂದೇ.

‘ಎಲ್ಲೂ ಹೋಗಿಲ್ರಿ ಕಾಕಾ. ಕರೆಂಟ್ ಹೋಗಿ ಬಂತಲ್ಲ, ರೌಟರ್ ಡಬ್ಬಿಗಿ ಬ್ಯಾರೆ ನಂಬರ್ ಕೊಟ್ಟದ.’

ಅವರ ಅಣ್ಣನ ಮಗ ಬ್ರೌಸರಿನಲ್ಲಿ 192.168.1.1 ಒತ್ತುತ್ತಾನೆ. ರೌಟರಿನ ಪುಟ ತೆರೆಯುತ್ತದೆ. ಮನೆಯ ಮೊಬೈಲು, ಟಿವಿಗಳ ಸಾಲಿನಲ್ಲಿ ಡಬ್ಬಿಯ ಹೆಸರೂ ಇದೆ. ನಿನ್ನೆವರೆಗೆ ಕೊನೆಯ ಅಂಕಿ 5 ಇತ್ತು, ಈಗ 9. ಕಂಪ್ಯೂಟರ್ ಇನ್ನೂ ಹಳೆಯ ನಂಬರಿಗೇ ಕರೆಯುತ್ತಿದೆ. ಹುಡುಗ ಅಲ್ಲೇ ಆ ವಿಳಾಸವನ್ನು ಡಬ್ಬಿಗೆ ಕಾಯಂ ಮಾಡುತ್ತಾನೆ. ಇನ್ನು ಕರೆಂಟ್ ಎಷ್ಟು ಸಲ ಹೋದರೂ ಅದು ಬದಲಾಗದು.

ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿನ ಪಟ್ಟಿಯಲ್ಲಿ ಎರಡು ಓರೆಗೆರೆ, ಮುಂದೆ ವಿಳಾಸ: \\192.168.1.9. ಎಂಟರ್. ಹಳೆಯ ಕಂಪ್ಯೂಟರಿನಲ್ಲಿ ಫೋಲ್ಡರುಗಳು ಸಾಲಾಗಿ ಬಂದವು. ಕಾಕಾ ಉಸಿರು ಬಿಟ್ಟರು. ಆದರೆ ಹೊಸದಾಗಿ ತಂದ ಕಂಪ್ಯೂಟರ್ ಒಪ್ಪುತ್ತಿಲ್ಲ. ಅದರಲ್ಲಿರುವುದು ವಿಂಡೋಸ್ 11 ಪ್ರೊ, 2024ರಲ್ಲಿ ಬಂದ 24ಎಚ್2 ಆವೃತ್ತಿ. ಹೆಸರು, ಪಾಸ್‌ವರ್ಡ್ ಇಲ್ಲದೆ ‘ಗೆಸ್ಟ್’ ಆಗಿ ಹೋಗುವ ದಾರಿಯನ್ನು ಅದು ಮುಚ್ಚಿದೆ.

‘ಎಸ್‌ಎಂಬಿ 1 ಚಾಲೂ ಮಾಡಿದ್ರ ಬರ್ತದಂತ ವಿಡಿಯೊದಾಗ ಹೇಳ್ಯಾರಲ್ಲ?’

‘ಬ್ಯಾಡ್ರಿ ಕಾಕಾ. 2017ರ ಮೇ ತಿಂಗಳಾಗ ವಾನಾಕ್ರೈ ವೈರಸ್ ಜಗತ್ತಿನ ತುಂಬ ಓಡ್ಯಾಡಿದ್ದು ಆ ಬಾಗಿಲಿಂದನ.’

ಎಸ್‌ಎಂಬಿ ಎಂದರೆ ಒಂದು ಕಂಪ್ಯೂಟರಿನ ಫೈಲನ್ನು ಇನ್ನೊಂದು ಕೇಳಿ ಪಡೆಯುವ ಕ್ರಮ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿತು. ಇಂಥ ಡಬ್ಬಿಗಳಲ್ಲಿ ಹೆಚ್ಚಿನವು ಲಿನಕ್ಸ್ ಮೇಲೆ ನಡೆಯುತ್ತವೆ. ವಿಂಡೋಸ್ ಜೊತೆ ಮಾತಾಡಲು ಅವಕ್ಕೆ ಸಾಂಬಾ ಎಂಬ ತಂತ್ರಾಂಶ ಬೇಕು. ಅದನ್ನು 1992ರ ಸುಮಾರಿಗೆ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಬರೆಯತೊಡಗಿದರು. ಎಸ್‌ಎಂಬಿಯ ಮೊದಲ ಆವೃತ್ತಿ ಹಳತಾಗಿ ತೂತುಬಿದ್ದಿದೆ. 2 ಮತ್ತು 3 ಸಾಕು.

ಹುಡುಗ ಡಬ್ಬಿಯ ಸೆಟ್ಟಿಂಗ್ಸ್ ತೆರೆದು ಕಾಕಾನ ಹೆಸರಿನಲ್ಲೊಂದು ಖಾತೆ ಮಾಡುತ್ತಾನೆ. ಪಾಸ್‌ವರ್ಡ್ ಒತ್ತುವಾಗ ನೀವು ಆಚೆ ನೋಡಿ. ಹೊಸ ಕಂಪ್ಯೂಟರಿನಲ್ಲಿ ಮನೆಯ ವೈಫೈಯನ್ನು ‘ಪಬ್ಲಿಕ್’ನಿಂದ ‘ಪ್ರೈವೇಟ್’ಗೆ ಬದಲಿಸಿ, ಅದೇ ಹೆಸರು, ಪಾಸ್‌ವರ್ಡ್ ಕೊಟ್ಟ. ಬಾಗಿಲು ತೆರೆಯಿತು.

64 ಜಿಬಿ ಕಾರ್ಡಿನ ಮದುವೆಯೊಂದು ಈಗ ವೈಫೈ ಬಿಟ್ಟು ಕೇಬಲ್ ಮೂಲಕ ಡಬ್ಬಿಗೆ ಹೊರಟಿದೆ. ಸೆಕೆಂಡಿಗೆ 11 ಎಂಬಿ; ಹೀಗಾದರೆ ಒಂದೂವರೆ ಗಂಟೆ ಮೀರುತ್ತದೆ. ಹುಡುಗ ಬಗ್ಗಿ, ಮಡಚಿ ಬಣ್ಣಗೆಟ್ಟ ಲ್ಯಾನ್ ಕೇಬಲ್ ಕಿತ್ತು ಹೊಸದನ್ನು ಚುಚ್ಚಿದ. 110 ಎಂಬಿ! ಹತ್ತು ನಿಮಿಷದ ಕೆಲಸ.

‘ಎರಡು ಡಿಸ್ಕ್ ಅವ, ಒಂದು ಕೆಟ್ರ ಇನ್ನೊಂದು ಅದ. ಚಿಂತಿಲ್ಲ,’ ಎನ್ನುತ್ತಾರೆ ಕಾಕಾ.

ಚಿಂತೆ ಇದೆ. ಇದೇ ಹುಣಸಗಿಯ ಹಳ್ಳದ ಸೀಮೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಆದಿಮಾನವರ ಕೈಗೊಡಲಿಗಳನ್ನು ಶೋಧಿಸಿದರು. ಅಲ್ಲಿನ ಇಸಾಂಪುರದ ನೆಲೆಗೆ ಸುಮಾರು 12 ಲಕ್ಷ ವರ್ಷ ಎನ್ನುತ್ತಾರೆ. ಕಲ್ಲು ಅಷ್ಟು ಕಾಲ ಉಳಿದೀತು, ಡಿಸ್ಕ್ ಉಳಿಯದು. ಒಂದು ಡಿಸ್ಕ್ ಇನ್ನೊಂದರ ಪಡಿಯಚ್ಚು, ಹಾಗಾಗಿ ತಪ್ಪಿ ಅಳಿಸಿದ ಫೋಟೊ ಎರಡೂ ಡಿಸ್ಕ್‌ಗಳಲ್ಲಿ ಒಟ್ಟಿಗೇ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಸುಡಬಹುದು.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಅದಕ್ಕೊಂದು ಯುಪಿಎಸ್ ಇಡಿ, ಕಾಯಂ ವಿಳಾಸ ಕೊಡಿ, ಗಟ್ಟಿ ಪಾಸ್‌ವರ್ಡ್ ಹಾಕಿ. ಹೊರಗಿನ ಇಂಟರ್‌ನೆಟ್‌ಗೆ ಎಸ್‌ಎಂಬಿ ಬಳಸುವ ಅದರ 445ನೇ ಪೋರ್ಟನ್ನು ಎಂದೂ ತೆರೆಯಬೇಡಿ. ಮುಖ್ಯವಾದುದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ ಬೇರೊಂದು ಮನೆಯಲ್ಲಿಡಿ.