ಆಮ್ಲದ ದಾಳಿಗೆ ಎದೆಯೊಡ್ಡಿದ ಕೋಶ

ಜಠರದ ತಳದ ಬಾಗಿಲು ತೆರೆಯಿತು. ಆಮ್ಲ ಚಿಮ್ಮಿತು. ಪಿಎಚ್ 2ರ ಆಸುಪಾಸಿನ, ಕಬ್ಬಿಣವನ್ನೂ ಕೊರೆಯುವ ಆಮ್ಲ!

ಎದುರಿಗೆ ಸಣ್ಣ ಕರುಳಿನ ಮೊದಲ ಗೇಣು. ಅದರ ಒಳಗೋಡೆಗೆ ಎಪಿಥೀಲಿಯಲ್ ಕೋಶಗಳ ಒಂದೇ ಒಂದು ಪದರ. ಒಂದೊಂದರ ಎತ್ತರ ಮಿಲಿಮೀಟರಿನ ನಲವತ್ತನೇ ಒಂದು ಪಾಲು. ಒಳಗಿನ ಪಿಎಚ್ ಸುಮಾರು 7.2. ಹೊರಗೆ 2. ಐದರ ಅಂತರ ತಾನೇ ಎನ್ನಬೇಡಿ. ಹೈಡ್ರೋಜನ್ ಅಯಾನುಗಳ ಲೆಕ್ಕದಲ್ಲಿ ಅದು ಒಂದೂವರೆ ಲಕ್ಷ ಪಟ್ಟು!

ಕೋಶ ಓಡುವಂತಿಲ್ಲ. ಲೋಳೆಯ ಪದರಕ್ಕೆ ಬೈಕಾರ್ಬೋನೇಟ್ ಸುರಿಯುತ್ತದೆ. ಆಮ್ಲ ಅದಕ್ಕೆ ಡಿಕ್ಕಿ ಹೊಡೆಯುತ್ತದೆ, ನೀರಾಗುತ್ತದೆ, ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗೆದ್ದಂತೆಯೇ!

ಇಲ್ಲ. ಆ ಅನಿಲಕ್ಕೆ ಬಾಗಿಲೇ ಬೇಡ. ಪೊರೆಯನ್ನು ಸಲೀಸಾಗಿ ದಾಟಿ ಒಳನುಗ್ಗುತ್ತದೆ. ಒಳಗೆ ಕಾದಿರುವ ಕಾರ್ಬೋನಿಕ್ ಆನ್‌ಹೈಡ್ರೇಸ್ ಕಿಣ್ವ ಅದನ್ನು ನೀರಿಗೆ ಬೆಸೆದು ಮತ್ತೆ ಆಮ್ಲ ಹುಟ್ಟಿಸುತ್ತದೆ. ಈ ಕಿಣ್ವದ ಒಂದೊಂದು ಅಣುವೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಈ ಕೆಲಸ ಮಾಡಬಲ್ಲದು. ಒಳಗಿನ ಪಿಎಚ್ ಕುಸಿಯುತ್ತದೆ. ಕಿಣ್ವಗಳು ತತ್ತರಿಸುತ್ತವೆ.

ಆಗ ಏಳುತ್ತದೆ, ರಕ್ತದ ಕಡೆಯ ಗೋಡೆಯಲ್ಲಿರುವ ಸಾಗಣೆಗಾರ ಪ್ರೋಟೀನು, ಎನ್‌ಎಚ್‌ಇ1. ಮಾಮೂಲಿ ಹೊತ್ತಿನಲ್ಲಿ ಅದು ಬಹುಪಾಲು ಸುಮ್ಮನಿರುತ್ತದೆ. ಒಳಗೆ ಆಮ್ಲ ಏರಿತೋ, ಕೆರಳುತ್ತದೆ. ಒಂದು ಸೋಡಿಯಂ ಎಳೆದುಕೊಂಡು ಒಂದು ಪ್ರೋಟಾನ್, ಅಂದರೆ ಹೈಡ್ರೋಜನ್ ಅಯಾನು, ಹೊರದಬ್ಬುತ್ತದೆ. ಪಕ್ಕದಲ್ಲೇ ಇನ್ನೊಂದು ಸಾಗಣೆಗಾರ, ಎನ್‌ಬಿಸಿ. ಸೋಡಿಯಂ ಜೊತೆಗೇ ರಕ್ತದಿಂದ ಬೈಕಾರ್ಬೋನೇಟ್ ಎಳೆದು ತರುತ್ತದೆ. ಇಬ್ಬರಿಗೂ ಬಲ ಒಂದೇ: ಒಳಕ್ಕೆ ನುಗ್ಗುವ ಸೋಡಿಯಂನ ರಭಸ. ಆ ರಭಸ ಉಳಿಯಬೇಕಾದರೆ ಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪು ಒಂದೊಂದು ಎಟಿಪಿ (ಶಕ್ತಿಯ ಅಣು) ಸುಟ್ಟು ಮೂರು ಸೋಡಿಯಂ ಹೊರಹಾಕಬೇಕು, ಎರಡು ಪೊಟ್ಯಾಸಿಯಂ ಒಳತರಬೇಕು. ಪಂಪು ನಿಂತರೆ ಕಥೆ ಮುಗಿಯಿತು!

ನಿಲ್ಲುವುದಿಲ್ಲ. ಪಿಎಚ್ ಏರುತ್ತದೆ. ಹೊರಗಿನ ಆಮ್ಲ ಸರಿದ ಮೇಲೆ ಮೊದಲಿನ ಮಟ್ಟವನ್ನೂ ದಾಟಿಬಿಡುತ್ತದೆ. ಕೂಡಿಟ್ಟ ಬೈಕಾರ್ಬೋನೇಟ್ ಲೋಳೆಯ ಕಡೆಯ ಪೊರೆಯ ಕಾಲುವೆಯಾದ ಸಿಎಫ್‌ಟಿಆರ್ ದಾರಿಯಿಂದ ಮತ್ತೆ ಲೋಳೆಗೆ. ಉಸಿರಾಡಲು ಪುರುಸೊತ್ತು ಸಿಕ್ಕಿತೇ?

ಎಲ್ಲಿಯದು! ಊಟ ಬಂತು. ಪ್ರೋಟೀನಿನ ತುಣುಕುಗಳನ್ನು ಒಳಗೆ ಬಿಟ್ಟುಕೊಳ್ಳುವ ಸಾಗಣೆಗಾರ ಪೆಪ್‌ಟಿ1 ಪ್ರತಿ ತುಣುಕಿನ ಜೊತೆ ಪ್ರೋಟಾನ್‌ಗಳನ್ನೂ ಕರೆತರುತ್ತದೆ. ಅನ್ನ ಬೇಕಾದರೆ ಆಮ್ಲವನ್ನೂ ನುಂಗಬೇಕು. ಅದನ್ನು ಬಂದ ದಾರಿಯಲ್ಲೇ ಆಚೆ ತಳ್ಳುವುದು ಲೋಳೆಯತ್ತ ಮುಖಮಾಡಿದ ಅಂಚಿನ (ಕುಂಚದಂಚಿನ) ಸೋಡಿಯಂ-ಪ್ರೋಟಾನ್ ವಿನಿಮಯಕಾರ ಎನ್‌ಎಚ್‌ಇ3.

ಆ ಅಂಚಿನಲ್ಲಿ ಇಂಥ ವಿನಿಮಯ ನಡೆಯುವುದನ್ನು ವಿಜ್ಞಾನಿಗಳಾದ ಮುರೆರ್, ಹಾಪ್ಫರ್, ಕಿನ್ನೆ 1976ರಲ್ಲಿ ತೋರಿಸಿಕೊಟ್ಟರು. ಇಲಿಯ ಕರುಳಿನಿಂದ ಕುಂಚದಂಚಿನ ಪೊರೆಯನ್ನು ಬೇರ್ಪಡಿಸಿದರು. ಅದು ಮುಚ್ಚಿಕೊಂಡು ಪುಟ್ಟ ಚೀಲಗಳಾಗಿತ್ತು. ದ್ರಾವಣಕ್ಕೆ ಸೋಡಿಯಂ ಲವಣ ಸೇರಿಸಿದರು. ಹೊರಗಿನ ದ್ರಾವಣ ಆಮ್ಲೀಯವಾಯಿತು! ಕೋಶ ಇರಲಿಲ್ಲ, ಪ್ರಾಣ ಇರಲಿಲ್ಲ. ಬೇರ್ಪಡಿಸಿದ ಪೊರೆಯೊಂದೇ ಪ್ರೋಟಾನ್ ದಬ್ಬುತ್ತಿತ್ತು.