ತಣ್ಣಗಿದ್ದಾಗಲೂ ಹಿಡಿಯುವ ಬ್ರೇಕು

ಕಾರಿನ ಹುಚ್ಚಿರುವ ಹುಡುಗರು ಓಟದ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡುತ್ತಾರೆ, ನಿಲ್ಲಿಸುವ ಮಾತು ಎತ್ತುವುದು ಅಪರೂಪ. ಹಾಗಾಗಿ ಯಾರಾದರೂ ಬಂದು ‘ಒಳ್ಳೆ ಬ್ರೇಕ್ ಪ್ಯಾಡು ಹಾಕಿಸ್ಬೇಕು, ಯಾವುದು ಹಾಕ್ಸಲಿ?’ ಎಂದು ಕೇಳಿದರೆ ನನಗೆ ನಿಜಕ್ಕೂ ಸಂತೋಷ. ಆದರೆ ಹಿಂದೆಯೇ ‘ರೇಸಿಂಗ್ ಪ್ಯಾಡೇ ಹಾಕಿಸಿಬಿಡ್ಲಾ?’ ಎಂದರೆ, ಕಾಫಿಗೆ ಹೇಳಿ ಕೂರಿಸಿಕೊಳ್ಳುತ್ತೇನೆ.

ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಸುತ್ತುವ ಕಾರಿನ ಪ್ಯಾಡು ಆರುವುದೇ ಇಲ್ಲ. ಅಪ್ಪಟ ರೇಸ್ ಪ್ಯಾಡನ್ನು ಮಾಡಿರುವುದೇ ಆ ಕಾವಿಗೆ. ನಮ್ಮ ದಿನಚರಿ ಬೇರೆ. ಬೆಳಗಿನ ಆರು ಗಂಟೆ, ಕಾರು ಈಗಷ್ಟೇ ಗೇಟು ದಾಟಿದೆ, ಚೆಂಡಿನ ಹಿಂದೆ ಮಗು ಓಡಿ ಬಂತು. ಆ ಮೊದಲ ತುಳಿತಕ್ಕೇ ಪ್ಯಾಡು ಡಿಸ್ಕನ್ನು ಕಚ್ಚಬೇಕು. ರೇಸ್ ಪ್ಯಾಡು ಅಲ್ಲಿ ಜಾರುತ್ತದೆ. ಸಾಲದ್ದಕ್ಕೆ ಕಿರುಚಾಟ, ಚಕ್ರದ ತುಂಬ ಕರಿ ಧೂಳು, ಬೇಗ ಸವೆಯುವ ಡಿಸ್ಕು.

ಪ್ಯಾಡಿನ ಕಥೆ ಶುರುವಾದದ್ದು ಒಬ್ಬ ಹೆಂಗಸಿನಿಂದ ಎಂಬುದು ನನಗೆ ಬಲು ಪ್ರಿಯವಾದ ಸಂಗತಿ. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರು, ಗಂಡ ಕಟ್ಟಿದ ಕಾರು ಓಡಿಸಿಕೊಂಡು ಹೋದರು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆಯತೊಡಗಿತು. ದಾರಿಯಲ್ಲೊಬ್ಬ ಚಮ್ಮಾರನನ್ನು ಹಿಡಿದು ಅದಕ್ಕೆ ತೊಗಲು ಹೊಡೆಸಿದರು. ರಸ್ತೆಯ ಮೇಲೇ ಕಂಡುಕೊಂಡ ಪರಿಹಾರ ಅದು!

ನಮ್ಮ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವವರಿಗೂ ಅದೇ ಆತಂಕ. ಅಲ್ಲಿಗಾದರೂ ರೇಸ್ ಪ್ಯಾಡು ಬೇಡವೇ ಅಂತೀರಿ. ಬೇಡ. ಎರಡನೇ ಗೇರಿಗೆ ಇಳಿಸಿ, ಭಾರವನ್ನು ಇಂಜಿನ್ನಿಗೆ ಹೊರಿಸಿ. ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಮಡಿ. ವೇಗ ತಗ್ಗಿಸಿದವನ ಪ್ಯಾಡು ಕಾಯುವುದೂ ಕಡಿಮೆ. ಬ್ರೇಕ್ ಆಯಿಲ್ಲನ್ನಂತೂ ಎಲ್ಲರೂ ಮರೆತೇಬಿಡುತ್ತಾರೆ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೂ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಗುಳ್ಳೆ ಎದ್ದು ಪೆಡಲು ಮೆತ್ತಗೆ ಒಳಗೆ ಹೋಗುತ್ತದೆ. ಆಗ ಎಷ್ಟೇ ದುಬಾರಿ ಪ್ಯಾಡಿದ್ದರೂ ಪ್ರಯೋಜನವಿಲ್ಲ. ಆಯಿಲ್ಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇಷ್ಟಾದರೂ ಮನಸ್ಸು ತಡೆಯದಿದ್ದರೆ, ರಸ್ತೆಗೆಂದೇ ಮಾಡಿದ, ತುಸು ಬಿರುಸಾದ ಪ್ಯಾಡು ಹಾಕಿಸಿ. ಅನೇಕ ಪ್ಯಾಡುಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತವೆ: ಮೊದಲನೆಯದು ಸಾಮಾನ್ಯ ಕಾವಿನ ಹಿಡಿತ, ಎರಡನೆಯದು ಬಿಸಿಯೇರಿದಾಗಿನದು. ‘ಎಫ್’ ಎಂದರೆ ಘರ್ಷಣಾಂಕ 0.35ರಿಂದ 0.45. ಎರಡೂ ‘ಎಫ್’ ಇದ್ದರೆ ಊರಿಗೂ ಘಾಟಿಗೂ ಸಾಕು. ನಾನಾದರೆ ಉಳಿದ ಹಣವನ್ನು ಟೈರಿಗೆ ಹಾಕುತ್ತೇನೆ, ಕೊನೆಗೆ ರಸ್ತೆಯನ್ನು ಹಿಡಿಯುವುದು ಅದೇ ತಾನೆ.

ಹೊಸ ಪ್ಯಾಡು ಹಾಕಿಸಿದ ದಿನವೇ ಘಾಟಿಗೆ ಹೊರಡಬೇಡಿ. ಖಾಲಿ ರಸ್ತೆಯಲ್ಲಿ 60ರ ವೇಗದಿಂದ 20ಕ್ಕೆ ಹದವಾಗಿ ಹಲವು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಆಮೇಲೆ ಬ್ರೇಕು ಮುಟ್ಟದೆ ಒಂದಷ್ಟು ದೂರ ಓಡಿಸಿ ಆರಲು ಬಿಡಿ. ಗ್ಯಾರೇಜಿನವರು ಇದನ್ನು ಹೇಳದಿದ್ದರೆ ನೀವೇ ಕೇಳಿ.